ಬೆಂಬಲ ನಿಂತ ಕಂಪ್ಯೂಟರನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ಹೇಗೆ?

2025ರ ಅಕ್ಟೋಬರ್ 14ರಂದು ಮೈಕ್ರೊಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದಿನಿಂದ ಹಾಸನದ ರಿಪೇರಿ ಅಂಗಡಿಗಳಲ್ಲಿಯೂ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿಯೂ ಕೇಳಿಬರುವ ಪ್ರಶ್ನೆಯೆಂದರೆ, ಚೆನ್ನಾಗಿಯೇ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಬೇಕೆ ಎಂಬುದು. ಹಾಕಬೇಕಾಗಿಲ್ಲ. ಆದರೆ ಏನೂ ಆಗಿಲ್ಲವೆಂದುಕೊಂಡು ಅದರಲ್ಲೇ ಬ್ಯಾಂಕಿನ ವ್ಯವಹಾರ ಮುಂದುವರಿಸುವುದೂ ಸರಿಯಲ್ಲ.

ಬೆಂಬಲ ನಿಂತಿತೆಂದರೆ ಯಂತ್ರ ಕೆಟ್ಟಿತೆಂದಲ್ಲ. ಅದರ ತಂತ್ರಾಂಶದಲ್ಲಿ ಹೊಸದಾಗಿ ಪತ್ತೆಯಾಗುವ ತೂತುಗಳಿಗೆ ತೇಪೆ ಹಾಕುವವರು ಇನ್ನು ಇಲ್ಲ ಎಂದಷ್ಟೇ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶವು ಲೋಕದಾದ್ಯಂತ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಒಳಹೊಕ್ಕ ತೂತಿಗೆ ತೇಪೆಯು ಅದೇ ವರ್ಷದ ಮಾರ್ಚ್‌ನಲ್ಲಿಯೇ ಸಿದ್ಧವಾಗಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳೇ ಸಿಕ್ಕಿಬಿದ್ದವು. ಆಂಟಿವೈರಸ್ ಇದೆಯಲ್ಲ ಎಂದು ಹಲವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಅದು ಕಾವಲುಗಾರನ ಕೆಲಸ ಮಾಡುತ್ತದೆಯೇ ಹೊರತು ಬಿರುಕು ಬಿಟ್ಟ ಗೋಡೆಯನ್ನು ಕಟ್ಟಿಕೊಡುವುದಿಲ್ಲ.

ಮೊದಲ ಹೆಜ್ಜೆ: ಕೆಲಸಗಳ ಪಟ್ಟಿ

ಯಂತ್ರವನ್ನು ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಅದರಿಂದ ಏನೇನು ಕೆಲಸ ಆಗುತ್ತಿದೆ ಎಂದು ಬರೆದುಕೊಳ್ಳಿ. ಪತ್ರ ಟೈಪಿಸುವುದು, ಮಕ್ಕಳ ಓದು, ವಿಡಿಯೊ ನೋಡುವುದು, ಇಮೇಲ್ ಕಳಿಸುವುದು ಇಷ್ಟೇ ಆಗಿದ್ದರೆ ಮುಂದೆ ಹೇಳುವಂತೆ, ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಗೆ ಬದಲಾಗಬಹುದು. ತೋಟದ ಅಥವಾ ಅಂಗಡಿಯ ಲೆಕ್ಕವು ಟ್ಯಾಲಿಯಲ್ಲಿದ್ದರೆ ಅವಸರ ಬೇಡ, ಏಕೆಂದರೆ ಟ್ಯಾಲಿಯು ವಿಂಡೋಸ್‌ಗಾಗಿಯೇ ರೂಪಿಸಿದ ತಂತ್ರಾಂಶ. ಅಂಥ ಯಂತ್ರದಲ್ಲಿ ವಿಂಡೋಸ್ 10ರ 22ಎಚ್2 ಆವೃತ್ತಿ ಇದ್ದರೆ, ಮೈಕ್ರೊಸಾಫ್ಟ್ ಖಾತೆಯ ಮೂಲಕ ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳನ್ನು ಕೊಡುವ ವಿಸ್ತರಣೆಯೊಂದನ್ನು ಕಂಪನಿ ಪ್ರಕಟಿಸಿದೆ. ಅದು ಗಡುವನ್ನು ಮುಂದೂಡುತ್ತದೆ ಅಷ್ಟೆ. ನನ್ನ ಅಭಿಪ್ರಾಯದಲ್ಲಿ, ಹೊಸ ಯಂತ್ರ ಕೊಳ್ಳುವ ಹಣವಿದ್ದರೆ ಅದನ್ನು ಲೆಕ್ಕಪತ್ರದ ಕೆಲಸಕ್ಕೆ ವಿನಿಯೋಗಿಸಿ, ಹಳೆಯದನ್ನು ಉಳಿದ ಕೆಲಸಗಳಿಗೆ ಇಟ್ಟುಕೊಳ್ಳುವುದು ಜಾಣತನ.

ವಿಂಡೋಸ್ 11 ಹಾಕಲು ಬರುವುದೇ ಎಂದೂ ನೋಡಿಕೊಳ್ಳಿ. ಅದಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಕೋರ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ನಂತರದ್ದಾಗಿರಬೇಕು. ಈ ಕೊನೆಯ ಷರತ್ತಿನಲ್ಲಿಯೇ ಹಳೆಯ ಯಂತ್ರಗಳು ಹೊರಗುಳಿಯುತ್ತವೆ. ಆಲೂರಿನ ಹತ್ತಿರ ನಮ್ಮ ದೊಡ್ಡಪ್ಪನವರ ತೋಟದ ಕಚೇರಿಯಲ್ಲಿರುವುದು ಮೂರನೆಯ ಪೀಳಿಗೆಯ ಐ3 ಪ್ರೊಸೆಸರಿನ, 4 ಜಿಬಿ ರ‍್ಯಾಮ್‌ನ ಡೆಸ್ಕ್‌ಟಾಪ್. ಕೆಳಗೆ ವಿವರಿಸಿರುವ ಕ್ರಮವು ಬಹುಮಟ್ಟಿಗೆ ಅದರ ಮೇಲೆ ಮಾಡಿ ನೋಡಿದ್ದೇ.

ಎರಡನೆಯ ಹೆಜ್ಜೆ: ಕಡತಗಳು, ಅದರಲ್ಲೂ ನುಡಿಯ ಕಡತಗಳು

ಫೋಟೊ, ಪತ್ರ, ಲೆಕ್ಕದ ಹಾಳೆ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಇನ್ನೊಂದು ನಕಲನ್ನು ಬೇರೊಂದು ಮನೆಯಲ್ಲಿಡಿ. ಪೆನ್ ಡ್ರೈವ್ ಸಾಗಿಸುವುದಕ್ಕೆ ಒಳ್ಳೆಯದೇ ಹೊರತು ವರ್ಷಗಟ್ಟಲೆ ಕಾಪಿಡುವುದಕ್ಕಲ್ಲ.

ಇಷ್ಟನ್ನು ಯಾವ ಭಾಷೆಯ ಲೇಖನವಾದರೂ ಹೇಳುತ್ತದೆ. ಕನ್ನಡಿಗರಿಗೆ ಇನ್ನೊಂದು ಕೆಲಸವಿದೆ, ಅದನ್ನು ಈಗಲೇ ಮಾಡದಿದ್ದರೆ ಆಮೇಲೆ ಪೇಚಾಡಬೇಕಾಗುತ್ತದೆ. ಹತ್ತು ಹದಿನೈದು ವರ್ಷಗಳ ಹಿಂದೆ ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪಿಸಿದ ಪತ್ರಗಳು, ಸಂಘದ ನಡಾವಳಿಗಳು, ಕ್ರಯಪತ್ರದ ಕರಡುಗಳು ಬಹುಪಾಲು ಯೂನಿಕೋಡ್‌ನಲ್ಲಿ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಜಾಗತಿಕ ಪದ್ಧತಿಯಲ್ಲಿ, ಇಲ್ಲ. ಆ ಕಡತಗಳ ಒಳಗೆ ಇರುವುದು ವಾಸ್ತವವಾಗಿ ಇಂಗ್ಲಿಷ್ ಅಕ್ಷರಗಳು ಮತ್ತು ಪೌಂಡ್‌ನಂಥ ಚಿಹ್ನೆಗಳು; ಅವುಗಳ ಮೇಲೆ ನುಡಿಯ ಫಾಂಟ್ ಕನ್ನಡದ ಆಕಾರವನ್ನು ತೊಡಿಸುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅಜ್ಜನ ಕಾಲದ ಜಮೀನಿನ ವಿವರವೆಲ್ಲ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ, ಹುಡುಕಿದರೆ ಒಂದು ಹೆಸರೂ ಸಿಗುವುದಿಲ್ಲ.

ಆದ್ದರಿಂದ ಹಳೆಯ ವಿಂಡೋಸ್ ಇನ್ನೂ ನಡೆಯುತ್ತಿರುವಾಗಲೇ ಮೂರು ಕೆಲಸ ಮುಗಿಸಿ. ನುಡಿಯ ಫಾಂಟ್ ಕಡತಗಳನ್ನು ಪ್ರತ್ಯೇಕವಾಗಿ ನಕಲು ಮಾಡಿಕೊಳ್ಳಿ. ಅವನ್ನು ಲಿನಕ್ಸ್‌ನಲ್ಲಿ ಅಳವಡಿಸಿದರೆ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ಹಳೆಯ ಪತ್ರಗಳನ್ನು ಓದಬಹುದು. ಮುಖ್ಯವಾದ ಕಡತಗಳನ್ನು ಪಿಡಿಎಫ್ ಆಗಿಯೂ ಉಳಿಸಿ. ಮುಂದೆ ತಿದ್ದಬೇಕಾದವುಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿ. ಬರಹಕ್ಕೂ ನುಡಿಗೂ ಅಂಥ ಪರಿವರ್ತಕಗಳಿವೆ. ಪರಿವರ್ತನೆಯಾದ ಮೇಲೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಅರ್ಕಾವೊತ್ತಿನ ಪದಗಳು, ಎರಡು ಒತ್ತಕ್ಷರ ಇರುವ ಪದಗಳು ಮತ್ತು ನಡುವೆ ಬಂದ ಇಂಗ್ಲಿಷ್ ಹೆಸರುಗಳನ್ನು ಕಣ್ಣಿಟ್ಟು ಓದಿ, ಏಕೆಂದರೆ ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲಿಯೇ. ದೊಡ್ಡಪ್ಪನವರ ಕಡತಗಳಿಗೆ ಈ ಒಂದು ಹೆಜ್ಜೆಗೇ ಎರಡು ಭಾನುವಾರ ಹಿಡಿಯಿತು. ಆ ಸಮಯ ದಂಡವಾಯಿತೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ಮೂರನೆಯ ಹೆಜ್ಜೆ: ಡಿಸ್ಕ್ ಬದಲಿಸುವುದು

ಹಳೆಯ ಕಂಪ್ಯೂಟರ್ ನಿಧಾನವಾಗಲು ಮುಖ್ಯ ಕಾರಣ ತಿರುಗುವ ಹಾರ್ಡ್ ಡಿಸ್ಕ್. ಅದರ ಜಾಗಕ್ಕೆ 240 ಅಥವಾ 256 ಜಿಬಿಯ, ಎರಡೂವರೆ ಅಂಗುಲದ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಸಂಗ್ರಹ ಸಾಧನ) ಹಾಕಿದರೆ ಆಗುವಷ್ಟು ಪ್ರಯೋಜನ ಬೇರೆ ಯಾವ ಒಂದು ಬದಲಾವಣೆಯಿಂದಲೂ ಆಗದು. ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತು, ಕ್ಯಾಬಿನೆಟ್ಟಿನ ಬರಿ ಲೋಹವನ್ನು ಒಮ್ಮೆ ಮುಟ್ಟಿ, ಹಳೆಯ ಡಿಸ್ಕಿಗೆ ಜೋಡಿಸಿದ್ದ ಎರಡು ತಂತಿಗಳನ್ನೇ ಹೊಸದಕ್ಕೆ ಸಿಕ್ಕಿಸಿದರೆ ಸಾಕು.

ಈ ಕ್ರಮದಲ್ಲಿ ಇನ್ನೊಂದು ಲಾಭವಿದೆ. ತೆಗೆದ ಹಳೆಯ ಡಿಸ್ಕನ್ನು ಅಳಿಸಬೇಡಿ. ಅದರ ಮೇಲೆ ದಿನಾಂಕ ಬರೆದು ಬೀರುವಿನಲ್ಲಿಡಿ. ಹೊಸ ವ್ಯವಸ್ಥೆ ಒಗ್ಗದಿದ್ದರೆ, ಅಥವಾ ಯಾವುದೋ ಕಡತ ಮರೆತುಹೋಗಿದ್ದರೆ, ಅದನ್ನೇ ಮರಳಿ ಜೋಡಿಸಿ ಮೊದಲಿನ ಸ್ಥಿತಿಗೆ ಬರಬಹುದು.

ರ‍್ಯಾಮ್ ಹೆಚ್ಚಿಸುವುದಾದರೆ ಈಗಿರುವುದನ್ನು ಕಳಚಿ ಅಂಗಡಿಗೆ ಒಯ್ದು ತೋರಿಸಿ. ಡಿಡಿಆರ್3 ಮತ್ತು ಡಿಡಿಆರ್4 ಪಟ್ಟಿಗಳ ಕಚ್ಚುಗಳು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ತಾಣದಲ್ಲಿ ಇನ್ನೊಂದು ಕೂರುವುದಿಲ್ಲ. ಪೆಟ್ಟಿಗೆ ತೆರೆದಾಗಲೇ ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟ್ ಸೆಲ್ಲನ್ನೂ ಬದಲಿಸಿಬಿಡಿ. ಅದು ಬರಿದಾದರೆ ಕರೆಂಟು ಹೋದಾಗಲೆಲ್ಲ ಗಡಿಯಾರ ಹಳೆಯ ವರ್ಷಕ್ಕೆ ಜಿಗಿಯುತ್ತದೆ. ಆಗ ಜಾಲತಾಣಗಳ ಭದ್ರತಾ ಪ್ರಮಾಣಪತ್ರದ ದಿನಾಂಕ ತಾಳೆಯಾಗದೆ ಬ್ರೌಸರು ಯಾವ ಪುಟವನ್ನೂ ಸಲೀಸಾಗಿ ತೆರೆಯುವುದಿಲ್ಲ. ಇಂಟರ್ನೆಟ್ಟೇ ಕೆಟ್ಟಿದೆಯೆಂದು ಜನ ಯಂತ್ರವನ್ನು ಮೂಲೆಗೆ ಸರಿಸಿದ್ದನ್ನು ನಾನು ಕಂಡಿದ್ದೇನೆ.

ನಾಲ್ಕನೆಯ ಹೆಜ್ಜೆ: ಲಿನಕ್ಸ್ ಮಿಂಟ್

ವಿಂಡೋಸ್ ಬಳಸಿದ ಕೈಗೆ ಬೇಗ ಒಗ್ಗುವುದು ಲಿನಕ್ಸ್ ಮಿಂಟ್. ಹಳೆಯ ಯಂತ್ರಕ್ಕೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಅದು ಉಚಿತ. 2 ಜಿಬಿ ರ‍್ಯಾಮ್‌ನಲ್ಲಿ ನಡೆಯುತ್ತದೆ, 4 ಜಿಬಿ ಇದ್ದರೆ ಹಿತವಾಗಿ ನಡೆಯುತ್ತದೆ. ಮಿಂಟ್ 22ರ ಸರಣಿಗೆ 2029ರ ಏಪ್ರಿಲ್‌ವರೆಗೆ ಭದ್ರತಾ ತೇಪೆಗಳು ಬರುತ್ತವೆ. ಆದರೆ ಇದಕ್ಕೆ 64 ಬಿಟ್ ಪ್ರೊಸೆಸರ್ ಬೇಕು. ಅದಕ್ಕೂ ಹಳೆಯ 32 ಬಿಟ್ ಯಂತ್ರವಿದ್ದರೆ ಇಂಟರ್ನೆಟ್ಟಿಗೆ ಜೋಡಿಸದೆ ಟೈಪಿಂಗ್ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಮಿಂಟ್‌ನ ಅಧಿಕೃತ ತಾಣದಿಂದ ಸುಮಾರು 3 ಜಿಬಿಯ ಕಡತವನ್ನು ಇಳಿಸಿಕೊಂಡು, ವಿಂಡೋಸ್ ಇರುವ ಬೇರೊಂದು ಯಂತ್ರದಲ್ಲಿ (ಅಥವಾ ಡಿಸ್ಕ್ ಬದಲಿಸುವ ಮೊದಲೇ ಇದರಲ್ಲಿಯೇ) ರೂಫಸ್ ಎಂಬ ತಂತ್ರಾಂಶದಿಂದ 8 ಜಿಬಿಯ ಪೆನ್ ಡ್ರೈವಿಗೆ ಬರೆಯಿರಿ. ಅದರಲ್ಲಿ ಮೊದಲು ಇದ್ದುದೆಲ್ಲ ಅಳಿಸಿಹೋಗುತ್ತದೆ. ತೋಟದ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮಾತ್ರ ಇದ್ದರೆ ಇಳಿಸುವ ಕೆಲಸವನ್ನೂ ಅಳವಡಿಕೆಯ ನಂತರದ ಮೊದಲ ಅಪ್‌ಡೇಟನ್ನೂ ಪೇಟೆಯಲ್ಲಿ ಫೈಬರ್ ಸಂಪರ್ಕ ಇರುವ ನೆಂಟರ ಮನೆಯಲ್ಲಿ ಮುಗಿಸಿಕೊಳ್ಳುವುದು ಲೇಸು. ಪೆನ್ ಡ್ರೈವ್ ಸಿಕ್ಕಿಸಿ ಯಂತ್ರ ಆನ್ ಮಾಡಿದೊಡನೆ ಬೂಟ್ ಮೆನು ಕೀಲಿಯನ್ನು ಒತ್ತಿ, ಬರುವ ಪಟ್ಟಿಯಲ್ಲಿ ಪೆನ್ ಡ್ರೈವನ್ನು ಆರಿಸಬೇಕು. ಡೆಲ್ ಮತ್ತು ಲೆನೊವೊಗಳಲ್ಲಿ ಆ ಕೀಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9.

ಆಗ ಮಿಂಟ್ ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವಿನಿಂದಲೇ ತೆರೆದುಕೊಳ್ಳುತ್ತದೆ. ಇಲ್ಲಿ ಅರ್ಧ ಗಂಟೆ ನಿಲ್ಲಿ. ವೈಫೈ ಸಿಗುತ್ತಿದೆಯೇ, ಧ್ವನಿ ಬರುತ್ತಿದೆಯೇ, ಪ್ರಿಂಟರ್ ಮುದ್ರಿಸುತ್ತಿದೆಯೇ ಎಂದು ಪರೀಕ್ಷಿಸಿ. ಪ್ರಿಂಟರಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು: ಎಚ್‌ಪಿಯ ಹಲವು ಮಾದರಿಗಳು ತಾವಾಗಿಯೇ ಗುರುತಿಗೆ ಸಿಗುತ್ತವೆ, ಆದರೆ ನಮ್ಮ ಕಡೆಯ ಕಚೇರಿಗಳಲ್ಲಿ ಬಹಳವಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಪ್ರತ್ಯೇಕ ಡ್ರೈವರ್ ಬೇಕು, ಅದನ್ನು ಹೊಂದಿಸುವುದು ಸುಲಭವಲ್ಲ. ಎಲ್ಲ ಸರಿಯಿದ್ದರೆ ಮಾತ್ರ ಅಳವಡಿಕೆಯ ಗುಂಡಿಯನ್ನು ಒತ್ತಿ, ಹೊಸ ಎಸ್‌ಎಸ್‌ಡಿಯನ್ನು ಆರಿಸಿ ಮುಂದುವರಿಯಿರಿ. ಮುಗಿದ ಮೇಲೆ ಮೊದಲು ಅಪ್‌ಡೇಟ್ ಮ್ಯಾನೇಜರ್ ನಡೆಸಿ.

ಐದನೆಯ ಹೆಜ್ಜೆ: ಕನ್ನಡ ಟೈಪಿಂಗ್

ನುಡಿ ಇಲ್ಲವಲ್ಲ ಎಂಬುದೇ ಟೈಪಿಸ್ಟರ ದೊಡ್ಡ ಅಳುಕು. ಆದರೆ ನುಡಿಯ ಕೀಲಿಮಣೆ ವಿನ್ಯಾಸಕ್ಕೆ ಆಧಾರವಾದದ್ದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ಮತ್ತು ಅದೇ ವಿನ್ಯಾಸ ಲಿನಕ್ಸ್‌ನಲ್ಲಿಯೂ ಇದೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಐಬಸ್-ಎಂ17ಎನ್ (ibus-m17n) ಎಂಬ ಟೈಪಿಂಗ್ ತಂತ್ರಾಂಶವನ್ನು ಹುಡುಕಿ ಅಳವಡಿಸಿ, ಒಮ್ಮೆ ಲಾಗೌಟ್ ಆಗಿ ಬಂದು, ಐಬಸ್‌ನ ಆಯ್ಕೆಗಳಲ್ಲಿ ಕನ್ನಡದ ಕೆಳಗೆ ಕೆಜಿಪಿ (kgp) ಎಂಬ ಆ ವಿನ್ಯಾಸವನ್ನು ಸೇರಿಸಿಕೊಂಡರೆ ಬೆರಳುಗಳು ಹೊಸದನ್ನು ಕಲಿಯಬೇಕಾಗುವುದಿಲ್ಲ. ಇನ್‌ಸ್ಕ್ರಿಪ್ಟ್ ರೂಢಿಯಿದ್ದವರಿಗೆ ಅದೂ ಅಲ್ಲಿಯೇ ಇದೆ. ಗುಬ್ಬಿ, ನವಿಲು ಎಂಬ ಚೆಂದದ ಯೂನಿಕೋಡ್ ಫಾಂಟುಗಳೂ ಅದೇ ಮ್ಯಾನೇಜರಿನಲ್ಲಿ ಉಚಿತವಾಗಿ ಸಿಗುತ್ತವೆ.

ಕೊನೆಯದಾಗಿ: ಮಲೆನಾಡಿನ ಆರೈಕೆ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡಬೇಕು. ಸಿಡಿಲು ಎರಡು ದಾರಿಯಲ್ಲೂ ಬರುತ್ತದೆ. ಯುಪಿಎಸ್ ಇದ್ದರೆ ಕರೆಂಟು ಹೋದಾಗ ಕೆಲಸ ಉಳಿಸಿ ಮುಚ್ಚಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಮಳೆಗಾಲದಲ್ಲಿ ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ ವಾರಗಟ್ಟಲೆ ಮುಚ್ಚಿಟ್ಟರೆ ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಬದಲಿಗೆ ದಿನಕ್ಕೊಮ್ಮೆಯಾದರೂ ಸ್ವಲ್ಪ ಹೊತ್ತು ಚಾಲೂ ಮಾಡಿದರೆ ಅದರದೇ ಬಿಸಿಗೆ ಒಣಗಿರುತ್ತದೆ. ಬೀರುವಿನಲ್ಲಿಟ್ಟ ಹಳೆಯ ಡಿಸ್ಕಿನ ಜೊತೆ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಇಡಿ.

ಕ್ಯಾಬಿನೆಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸಿ, ಅದರಲ್ಲಿ ಎಸ್‌ಎಸ್‌ಡಿ ಹಾಕಿದ ದಿನ, ಸೆಲ್ ಬದಲಿಸಿದ ದಿನ ಮತ್ತು ಮಿಂಟ್‌ನ ಬೆಂಬಲ ಮುಗಿಯುವ 2029ರ ಏಪ್ರಿಲ್ ಎಂಬುದನ್ನು ಬರೆದಿಡಿ. ಮುಂದಿನ ಸಲ ಪೆಟ್ಟಿಗೆ ತೆರೆಯುವವರು ನೀವೇ ಆಗಿರಬೇಕೆಂದಿಲ್ಲ.