ಜೀಟಾ ಟೌರಿಯ ವಿ/ಆರ್ ಅನುಪಾತ ದಿನದಿನವೂ ಕುಣಿಯುತ್ತಿದ್ದುದು ಸರಿಹೋದ ಬಗೆ

ವೃಷಭ ರಾಶಿಯ ಜೀಟಾ ಟೌರಿ ಒಂದು ಬಿಇ ನಕ್ಷತ್ರ, ಅಂದರೆ ವೇಗವಾಗಿ ತಿರುಗುತ್ತಾ ಸುತ್ತಲೂ ಅನಿಲ ಹೊಂದಿರುವ ಬಿಸಿ ನಕ್ಷತ್ರ. ಅದರ ಸುತ್ತಲಿನ ಅನಿಲ ತಟ್ಟೆ ವರ್ಣಪಟಲದ ಹೈಡ್ರೋಜನ್-ಆಲ್ಫಾ ರೇಖೆಯಲ್ಲಿ (ತರಂಗಾಂತರ 6562.8 ಆಂಗ್‌ಸ್ಟ್ರಾಂ) ಎರಡು ಶಿಖರ ತೋರಿಸುತ್ತದೆ. ನೀಲಿ ಬದಿಯ (ವಯಲೆಟ್, ವಿ) ಶಿಖರದ ಎತ್ತರವನ್ನು ಕೆಂಪು ಬದಿಯದರಿಂದ (ರೆಡ್, ಆರ್) ಭಾಗಿಸಿದರೆ ವಿ/ಆರ್. ತಟ್ಟೆಯ ಸಾಂದ್ರತೆಯ ಅಲೆ ಸುತ್ತಿಬರಲು ವರ್ಷಗಳೇ ಬೇಕು. ನನ್ನ ಅಳತೆಯಲ್ಲೋ ಒಂದೇ ವಾರದಲ್ಲಿ ಏರಿಳಿತ!

ಕಾರಣ ನಮ್ಮದೇ ವಾತಾವರಣದ ನೀರಾವಿ. ಅದರ ಸಣ್ಣ ಹೀರಿಕೆ ರೇಖೆಗಳು ಶಿಖರಗಳ ಮೇಲೆಯೇ ಕೂರುತ್ತವೆ, ತೇವ ಹೆಚ್ಚಿದ ರಾತ್ರಿ ಇನ್ನಷ್ಟು ಆಳವಾಗುತ್ತವೆ. ಜೀಟಾ ಟೌರಿ ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯನ ಹಾದಿಯ) ಹತ್ತಿರವಿರುವುದರಿಂದ ಭೂಮಿಯ ಚಲನೆ ವರ್ಷದಲ್ಲಿ ರೇಖೆಯನ್ನು ಸುಮಾರು ±0.65 ಆಂಗ್‌ಸ್ಟ್ರಾಂ ಸರಿಸುತ್ತದೆ. ಹಾಗಾಗಿ ನೀರಾವಿ ಒಮ್ಮೆ ಈ ಶಿಖರವನ್ನು ಕೊರೆದರೆ, ಇನ್ನೊಮ್ಮೆ ಆ ಶಿಖರವನ್ನು.

ಎಡವಿದ್ದು ಕ್ರಮದಲ್ಲಿ. ಭೂಮಿಯ ಚಲನೆಯ ಸರಿತವನ್ನು ಕಳೆಯುವ ಸೂರ್ಯಕೇಂದ್ರಿತ ತಿದ್ದುಪಡಿ ಮೊದಲು ಮಾಡಿದರೆ ನೀರಾವಿ ರೇಖೆಗಳು ತಮ್ಮ ಜಾಗ ಬಿಡುತ್ತವೆ, ಅವುಗಳನ್ನು ತೆಗೆಯಲು ಬಳಸುವ ನೀರಾವಿ ರೇಖೆಗಳ ಮಾದರಿ ಹೊಂದುವುದಿಲ್ಲ. ಈಗ ಮೊದಲು ನಿಯಾನ್ ದೀಪದ 6532.88 ಮತ್ತು 6598.95 ರೇಖೆಗಳಿಂದ ತರಂಗಾಂತರದ ಅಳತೆ ಹೊಂದಿಸುತ್ತೇನೆ. ಬಳಿಕ ನೀರಾವಿ ಮಾದರಿಯ ಆಳ ಹೆಚ್ಚುಕಡಿಮೆ ಮಾಡುತ್ತಾ, 6543.9 ಮತ್ತು 6552.6ರ ಗುಳಿಗಳು ಮಾಯವಾಗುವವರೆಗೆ ಭಾಗಿಸುತ್ತೇನೆ. ಸೂರ್ಯಕೇಂದ್ರಿತ ತಿದ್ದುಪಡಿ ಕೊನೆಗೆ.

ರೇಖೆಗಳಿಲ್ಲದ ನಿರಂತರ ಹಿನ್ನೆಲೆ ಬೆಳಕಿನ ಮಟ್ಟ ಗುರುತಿಸುವಾಗ 6578, 6583ರ ಕಾರ್ಬನ್ ರೇಖೆಗಳನ್ನು ಸೇರಿಸಬೇಡಿ. ಶಿಖರ ಸ್ಯಾಚುರೇಟ್ ಆಗಿದ್ದರೆ (ಕ್ಯಾಮೆರಾ ಅಳೆಯಬಲ್ಲ ಮಿತಿ ಮೀರಿದ್ದರೆ) ಆ ಚಿತ್ರ ಬಿಸಾಡಿ: ಯಾವ ತಿದ್ದುಪಡಿಯೂ ಅದನ್ನು ಉಳಿಸದು.