ಸಮುದ್ರ ಟ್ಯಾಂಕಿನ ಕೆಂಪು ಲೋಳೆ: ಮೊದಲು ನೀರು, ಆಮೇಲೆ ಔಷಧ

ಸಮುದ್ರದ ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಮರಳಿನ ಮೇಲೆ ಕೆಂಪು, ಕೆಲವೊಮ್ಮೆ ಕಡುಹಸಿರು ಲೋಳೆ. ಎಳೆದರೆ ಹಾಲಿನ ಕೆನೆಯಂತೆ ಪದರವಾಗಿ ಏಳುತ್ತದೆ. ಪಾಚಿ ಎನ್ನುತ್ತೇವೆ, ನಿಜಕ್ಕೂ ಇದು ಸೈನೋಬ್ಯಾಕ್ಟೀರಿಯಾ, ಅಂದರೆ ಬೆಳಕಿನಿಂದ ಬದುಕುವ ಬ್ಯಾಕ್ಟೀರಿಯಾ. ಪಾಚಿ ತಿನ್ನುವ ಬಸವನಹುಳುಗಳಲ್ಲಿ ಹೆಚ್ಚಿನವು ಇದನ್ನು ಮೂಸಿಯೂ ನೋಡುವುದಿಲ್ಲ.

ಮೊದಲು ನೀರನ್ನೇ ಅನುಮಾನಿಸಿ, ಅದರಲ್ಲಿರುವ ನೈಟ್ರೇಟ್, ಫಾಸ್ಫೇಟ್ ಲೋಳೆಗೆ ಗೊಬ್ಬರವಿದ್ದಂತೆ. ವಿಜಯಪುರ, ಬಾಗಲಕೋಟೆ ಕಡೆ ಬೋರಿನ ನೀರು ಬಹಳ ಕಡೆ ಸವಳು. ಆರ್‌ಓ ನೀರು ಹಾಕಿದರೆ ಮುಗಿಯಿತು ಎನ್ನುವಂತಿಲ್ಲ: ಮನೆಯ ಎಷ್ಟೋ ಆರ್‌ಓ ಮಷಿನ್‌ಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಕಂಟ್ರೋಲರ್ ಇರುತ್ತದೆ, ಅದು ರುಚಿಗೆಂದು ಕಚ್ಚಾ ನೀರನ್ನು ಮತ್ತೆ ಬೆರೆಸುತ್ತದೆ. ಅದನ್ನು ಮುಚ್ಚಿಸಿ, ಮಿನರಲ್ ಕಾರ್ಟ್ರಿಜ್‌ಗಿಂತ ಮುಂಚೆಯೇ ನೀರು ಹಿಡಿದು ಡಿಐ ರೆಸಿನ್ (ಉಳಿದ ಲವಣವನ್ನು ಹಿಡಿದಿಡುವ ಮಣಿಗಳು) ಮೂಲಕ ಹಾಯಿಸಿ. ಟಿಡಿಎಸ್ ಮೀಟರ್ 0 ತೋರಿಸಬೇಕು. ಬೇಸಿಗೆಯಲ್ಲಿ ಆರಿಹೋದಷ್ಟನ್ನು ತುಂಬುವುದೂ ಇದೇ ನೀರಿನಿಂದ, ಉಪ್ಪಿಲ್ಲದೆ. ಬೋರಿನ ನೀರು ಸುರಿದರೆ ನೀರಷ್ಟೇ ಆವಿಯಾಗುತ್ತದೆ, ಅದರ ನೈಟ್ರೇಟ್ ಟ್ಯಾಂಕಿನಲ್ಲೇ ಉಳಿದು ದಿನೇದಿನೇ ಕೂಡುತ್ತದೆ.

ಸ್ವಚ್ಛಗೊಳಿಸುವಾಗ ಲೋಳೆಯನ್ನು ಕದಡಬೇಡಿ. ಸಣ್ಣ ಪೈಪಿನಿಂದ ಹೀರಿ ಬಕೆಟ್‌ಗೆ ಬಿಡಿ, ಆ ನೀರನ್ನು ಚೆಲ್ಲಿ. 200 ಲೀಟರ್ ಟ್ಯಾಂಕಿನಲ್ಲಿ 40 ಲೀಟರ್ ಬದಲಿಸಿದರೆ ಸುಮಾರು 1.4 ಕಿಲೋ ಅಕ್ವೇರಿಯಂ ಉಪ್ಪು ಬೇಕು (ಅಡುಗೆ ಉಪ್ಪಲ್ಲ), ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025 ಇರಲಿ. ವಾರಕ್ಕೊಮ್ಮೆ, ಮೂರ್ನಾಲ್ಕು ವಾರ.

ಲೋಳೆ ಒಂದೇ ಮೂಲೆಯಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಬಹುಶಃ ಅಲ್ಲಿ ನೀರಿನ ಹರಿವು ಸಾಲದು. ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ಹರಿಸುವ ಪಂಪ್) ಅತ್ತ ತಿರುಗಿಸಿ. ಫ್ರೋಜನ್ ಆಹಾರ ಕರಗಿದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ, ಅದರಲ್ಲೂ ಫಾಸ್ಫೇಟ್ ಇರುತ್ತದೆ. ಹಾಗೆಂದು ಪೋಷಕಾಂಶವನ್ನು ಸೊನ್ನೆಗಿಳಿಸುವ ಹಟವೂ ಬೇಡ. ನೈಟ್ರೇಟ್ 5–10 ಪಿಪಿಎಂ, ಫಾಸ್ಫೇಟ್ 0.03–0.1 ಇರಲಿ. ಎರಡೂ ಸೊನ್ನೆಯಾದರೆ ಕಂದು ಸಿಂಬಳದಂಥ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಬರಬಹುದು, ಅದರ ಮುಂದೆ ಈ ಲೋಳೆಯೇ ವಾಸಿ.

ಇಷ್ಟಾದರೂ ಬಗ್ಗದಿದ್ದರೆ ಮೂರು ದಿನ ಪೂರ್ತಿ ಕತ್ತಲು. ಕಪ್ಪು ಕಾಗದ ಸುತ್ತಿ. ಕಂಬಳಿ ಹೊದಿಸಿದರೆ ಏಪ್ರಿಲ್ ಸೆಕೆಯಲ್ಲಿ ನೀರು ಕಾಯುತ್ತದೆ. ಕೊನೆಯ ದಾರಿ ಎರಿಥ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್, ಆದರೆ ಅದು ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ತಗಲಬಹುದು. ಹಾಕಿದ ಮೇಲೆ ಅಮೋನಿಯಾ ದಿನಾ ಅಳೆಯಿರಿ. ಸಾಯುವ ಲೋಳೆ ಆಮ್ಲಜನಕ ಕಬಳಿಸುತ್ತದೆ, ಬಿಸಿ ನೀರಿನಲ್ಲಿ ಅದು ಮೊದಲೇ ಕಡಿಮೆ. ಏರ್ ಪಂಪ್ ರಾತ್ರಿಯಿಡೀ ನಡೆಯಲಿ, ಕರೆಂಟ್ ಹೋದಾಗಲೂ ನಿಲ್ಲದಂತೆ ಇನ್ವರ್ಟರಿಗೆ ಜೋಡಿಸಿ.