ಬಸ್ ಹತ್ತಿದ್ರೆ ವಾಂತಿ ಅನ್ನೋದನ್ನ ಎರಡು ತಿಂಗಳಲ್ಲಿ ಬಿಡಿಸ್ಕೊಂಡೆ

ಸುಮಾರು ಮೂವತ್ತು ವರ್ಷ ಜೇಬಲ್ಲಿ ಕವರ್ ಇಟ್ಕೊಂಡೇ ಓಡಾಡಿದೋನು ನಾನು. ಇದು ಹುಟ್ಟುಗುಣ, ಹೋಗಲ್ಲ ಅಂತ ಮನೇಲೂ ಹೇಳಿದ್ರು, ಆಫೀಸಲ್ಲೂ ಹೇಳಿದ್ರು. ಹೋಯ್ತು. ಹೋದ ತಿಂಗಳು ಆರು ಗಂಟೆ ತಿರುವಿನ ರಸ್ತೇಲಿ ಬಂದೆ, ಇಳಿಯೋವಾಗ ನೋಡಿದ್ರೆ ಕವರ್ ಮಡಿಸಿದಂಗೇ ಇತ್ತು.

ಯಾಕಾಗುತ್ತೆ ಅನ್ನೋದು ನಮ್ಮಂಥೋರಿಗೆಲ್ಲ ಗೊತ್ತಿರೋದೇ, ಒಳಕಿವಿ ಅಲುಗಾಡ್ತಿದೀವಿ ಅನ್ನುತ್ತೆ, ಬಸ್ಸಿನೊಳಗೇ ನೋಡ್ತಿರೋ ಕಣ್ಣು ಇಲ್ಲ ಅನ್ನುತ್ತೆ, ಅನುಭವಿಸೋದು ಹೊಟ್ಟೆ. ಅದನ್ನ ಬಿಡೋಣ, ನಾನು ಎಲ್ಲೆಲ್ಲಿ ಸೋತೆ ಅನ್ನೋದನ್ನ ಮೊದಲು ಹೇಳ್ತೀನಿ.

ವಾಂತಿ ತಡೆಯೋ ಮಾತ್ರೆಗಳನ್ನ ವರ್ಷಗಟ್ಟಲೆ ತಪ್ಪಾಗಿ ತಗೊಂಡಿದೀನಿ. ಹೊಟ್ಟೆ ತೊಳಸೋಕೆ ಶುರುವಾದ್ಮೇಲೆ ನುಂಗ್ತಿದ್ದೆ, ಅಷ್ಟೊತ್ತಿಗೆ ಅದು ಕೆಲಸ ಮಾಡೋ ಟೈಮ್ ಮುಗಿದಿರುತ್ತೆ. ಹೊರಡೋಕೆ ಅರ್ಧ ಒಂದು ಗಂಟೆ ಮುಂಚೆ ತಗೊಂಡಾಗ ವಾಂತಿ ನಿಲ್ತು, ಆದ್ರೆ ಎಂಥಾ ನಿದ್ದೆ ಅಂದ್ರೆ ಒಂದು ಇಂಟರ್‌ವ್ಯೂಗೆ ಹೋಗಿ ಕಾಯೋ ಕುರ್ಚೀಲೇ ಮಲಗಿಬಿಟ್ಟೆ, ಕೆಲಸ ಸಿಗ್ಲಿಲ್ಲ. ಆಮೇಲೆ ಡಾಕ್ಟರನ್ನ ಕೇಳಿ ಕಿವಿ ಹಿಂದೆ ಅಂಟಿಸೋ ಸ್ಕೋಪೊಲಮೈನ್ (ವಾಂತಿ ತಡೆಯೋ ಔಷಧಿ) ಪ್ಯಾಚ್ ಹಾಕಿದೆ. ಅದನ್ನ ನಾಲ್ಕು ಗಂಟೆ ಮುಂಚೆನೇ ಅಂಟಿಸ್ಬೇಕು, ಮೂರು ದಿನ ಬರುತ್ತೆ. ನಾನು ಅಂಟಿಸಿದ ಕೈ ತೊಳೀದೆ ಕಣ್ಣು ಉಜ್ಜಿಕೊಂಡೆ, ಒಂದು ಕಣ್ಣಿನ ಪಾಪೆ ಕಾಸಗಲ ಆಗಿ ಓದೋಕೂ ಆಗ್ತಿರ್ಲಿಲ್ಲ, ಭಯ ಬಿದ್ದು ಆಸ್ಪತ್ರೆಗೆ ಓಡಿದ್ದೂ ಆಯ್ತು. ವಾಕರಿಕೆ ತಡೆಯೋಕೆ ಅಂತ ಮಣಿಕಟ್ಟಿಗೆ ಒತ್ತೋ ಹಂಗೆ ಹಾಕೋ ಬ್ಯಾಂಡ್ ಎರಡು ಜೊತೆ ತಗೊಂಡೆ, ಕೆಲವರಿಗೆ ಆಗುತ್ತಂತೆ, ನನಗೆ ಚರ್ಮದ ಮೇಲೆ ಗೆರೆ ಬಿದ್ದಿದ್ದೇ ಲಾಭ. ಲೆಕ್ಕ ಬರೆದಿಟ್ಟಿಲ್ಲ, ಆದ್ರೆ ಎಲ್ಲಾ ಸೇರಿ ಹತ್ತಿರ ಹತ್ತಿರ ಎರಡು ತಿಂಗಳ ಬಾಡಿಗೆ ದುಡ್ಡು ಹೋಗಿದೆ.

ನನ್ನ ದೊಡ್ಡ ತಪ್ಪು ಬೇರೇನೇ ಇತ್ತು. ಬೆಳಿಗ್ಗೆ ಮನೇಲಿ ಸುಮ್ನೆ ಕೂತಿದ್ರೂ ವಾಕರಿಕೆ ಬರ್ತಿತ್ತು, ಅದನ್ನೂ ಬಸ್ಸಿನ ಲೆಕ್ಕಕ್ಕೇ ಹಾಕ್ತಿದ್ದೆ. ಒಂದಿನ ಟೈಮ್ ಬರೆದಿಡೋಕೆ ಶುರು ಮಾಡಿದಾಗ ಗೊತ್ತಾಯ್ತು, ರಕ್ತ ಕಮ್ಮಿ ಅಂತ ಖಾಲಿ ಹೊಟ್ಟೇಲಿ ನುಂಗ್ತಿದ್ದ ಕಬ್ಬಿಣದ ಮಾತ್ರೆದೇ ಆ ಕೆಲಸ. ಡಾಕ್ಟರ್ ಊಟದ ಜೊತೆ ತಗೋ ಅಂದ್ರು, ನಾಲ್ಕೈದು ದಿನಕ್ಕೆ ಬೆಳಗಿನ ವಾಕರಿಕೆ ನಿಂತೇಹೋಯ್ತು. ಅದಕ್ಕೇ ಹೇಳ್ತೀನಿ, ಮೊದಲು ನಿಮ್ಮ ಮಾತ್ರೆ, ಅಸಿಡಿಟಿ, ಮೈಗ್ರೇನು, ನಿದ್ದೆಗೇಡು ಇವನ್ನೆಲ್ಲ ಬೇರೆ ಮಾಡಿ. ನೋವಿನ ಮಾತ್ರೆ, ಆಂಟಿಬಯೋಟಿಕ್, ಶುಗರಿನ ಮೆಟ್‌ಫಾರ್ಮಿನ್ ಇವೂ ಎಷ್ಟೋ ಜನಕ್ಕೆ ಹೊಟ್ಟೆ ತೊಳಸುತ್ವೆ. ಹಂಗಂತ ನೀವೇ ನಿಲ್ಲಿಸ್ಬೇಡಿ, ಬರೆದುಕೊಟ್ಟೋರನ್ನ ಕೇಳಿ.

ಇನ್ನು ಬಸ್ಸಿನ ವಿಷಯ. ತಡ್ಕೊಂಡು ಕೂತ್ರೆ ಅಭ್ಯಾಸ ಆಗುತ್ತೆ ಅಂತ ಎಲ್ರೂ ಹೇಳ್ತಾರೆ, ನಾನೂ ನಂಬಿ ತಡ್ಕೊಂಡೆ, ಕೊನೆಗೆ ನಿಂತಿರೋ ಬಸ್ಸಿನ ಡೀಸೆಲ್ ವಾಸನೆಗೇ ಓಕರಿಕೆ ಬರೋ ಹಂಗಾಯ್ತು. ಆಗ ಉಲ್ಟಾ ಮಾಡಿದೆ. ಮೊದಲನೇ ವಾರ ದಿನಾ ಹತ್ತೇ ನಿಮಿಷ, ಮುಂದಿನ ಸೀಟು, ಕಣ್ಣು ದೂರದ ರಸ್ತೆ ಮೇಲೆ, ಮೊಬೈಲ್ ಬ್ಯಾಗಲ್ಲಿ. ವಾಂತಿಗೆ ಮುಂಚೆ ನನಗೆ ಮೊದಲು ಆಕಳಿಕೆ, ಆಮೇಲೆ ನಾಲಿಗೆ ಕೆಳಗೆ ನೀರು, ಆಮೇಲೆ ಮೇಲ್ತುಟಿ ಮೇಲೆ ತಣ್ಣನೆ ಬೆವರು ಬರುತ್ತೆ. ಎರಡನೇ ಆಕಳಿಕೆಗೇ ಇಳಿದುಬಿಡ್ತಿದ್ದೆ. ಬಾಯಲ್ಲಿ ನೀರು ಬರೋತನಕ ಕಾದ ದಿನ ಮಾರನೇ ದಿನದ್ದೂ ಹಾಳಾಗ್ತಿತ್ತು. ವಾರಕ್ಕೆ ಐದೈದು ನಿಮಿಷ ಏರಿಸ್ತಾ ಹೋದೆ, ಮೂರನೇ ವಾರ ಜ್ವರ ಬಂದು ಬಿಟ್ಟಿದ್ದಕ್ಕೆ ಹಿಂದಕ್ಕೆ ಬಂದು ಮತ್ತೆ ಶುರು ಮಾಡ್ಬೇಕಾಯ್ತು. ಐದಾರನೇ ವಾರಕ್ಕೆ ಮಧ್ಯದ ಸೀಟು, ಆಮೇಲೆ ತಿರುವಿನ ರಸ್ತೆ. ಹೊಟ್ಟೆ ಖಾಲೀನೂ ಬೇಡ, ಗಂಟಲತನಕಾನೂ ಬೇಡ, ಒಂದೂವರೆ ಗಂಟೆ ಮುಂಚೆ ಎಣ್ಣೆ ಇಲ್ಲದ್ದು ಸ್ವಲ್ಪ ತಿನ್ನಿ. ನಿಧಾನವಾಗಿ ಹೊಟ್ಟೆಯಿಂದ ಉಸಿರಾಡೋದು ಭಾಳ ಸಹಾಯ ಮಾಡ್ತು, ಅದರಲ್ಲಿ ನನ್ನದೇ ಒಂದು ಎಣಿಕೆ ಇದೆ, ಅದನ್ನ ಬರೆಯಲ್ಲ, ಎದುರಿಗೆ ಕೂತೋರಿಗೆ ಹೇಳಿಕೊಡ್ತೀನಿ.

ಮಧ್ಯೆ ಬೇರೆ ಪ್ರಯೋಗಾನೂ ಮಾಡ್ದೆ. ಶುಂಠಿ ಅರ್ಧ ಕೆಲಸ ಮಾಡುತ್ತೆ, ಒಣಪುಡಿ ಅರ್ಧ ಗ್ರಾಮಿಂದ ಒಂದು ಗ್ರಾಮ್ ಸಾಕು, ನಾನು ಜಾಸ್ತಿ ತಿಂದು ಎದೆಯುರಿ ತಗೊಂಡೆ. ನಿಜಕ್ಕೂ ಬೆರಗಾಗಿದ್ದು ಸ್ಪಿರಿಟ್ ಹತ್ತಿ ನೋಡಿ, ಇಂಜೆಕ್ಷನ್ ಮುಂಚೆ ಒರೆಸ್ತಾರಲ್ಲ ಅದೇ ಪುಟ್ಟ ಪ್ಯಾಕೆಟ್ಟು. ಹರಿದು ಮೂಗಿಂದ ಒಂದೆರಡು ಇಂಚು ದೂರ ಹಿಡಿದು ಮೂಗಲ್ಲೇ ನಿಧಾನಕ್ಕೆ ಎಳ್ಕೊಂಡ್ರೆ ಹತ್ತರಲ್ಲಿ ಏಳು ಸಲ ಐದು ನಿಮಿಷದೊಳಗೆ ವಾಕರಿಕೆ ಇಳೀತು. ಆಸ್ಪತ್ರೆಗಳಲ್ಲೂ ಇದನ್ನ ಪರೀಕ್ಷೆ ಮಾಡಿ ನೋಡಿದಾರೆ, ಗಾಳಿಮಾತಲ್ಲ.

ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ, ವಾಂತೀಲಿ ರಕ್ತ, ಎದೆನೋವು, ಕುತ್ತಿಗೆ ಬಗ್ಗದಷ್ಟು ತಲೆನೋವು, ಇಡೀ ದಿನ ನೀರೂ ನಿಲ್ಲದೇ ಇರೋದು, ಇವಕ್ಕೆ ನನ್ನ ಯಾವ ಉಪಾಯಾನೂ ಬೇಡ, ಸೀದಾ ಆಸ್ಪತ್ರೆ. ಬಸುರಿಯರು ಯಾವ ಮಾತ್ರೆಗೂ ಮುಂಚೆ ಡಾಕ್ಟರನ್ನ ಕೇಳಿ.

ದೋಣಿ ಮಾತ್ರ ಇನ್ನೂ ಆಗಿಲ್ಲ. ಅಲ್ಲಿ ಎರಡನೇ ಆಕಳಿಕೆಗೆ ಇಳಿಯೋಕೆ ಜಾಗ ಇಲ್ವಲ್ಲ, ಅದಕ್ಕೇ ಮೊದಲು ದಡಕ್ಕೆ ಕಟ್ಟಿರೋ ದೋಣೀಲಿ ಹತ್ತತ್ತು ನಿಮಿಷ ಕೂರೋಣ ಅಂದ್ಕೊಂಡಿದೀನಿ.